ಮೊಳೆಬಾಯಿ ಮತ್ತು ನಾಲಿಗೆಯಡಿಯ ಮಾತ್ರೆ

ಮೊಳೆಬಾಯಿ ಎಂಬ ಹೆಸರು ಕೇಳಿದವರೆಲ್ಲ ಇವಳು ಬೀದಿಗೇ ಹೆಸರಾದ ಜಗಳಗಂಟಿ ಇರಬೇಕು ಎಂದುಕೊಳ್ಳುತ್ತಿದ್ದರು. ಪಾಪ, ಅವಳು ಜಗಳ ಆಡುವುದಿರಲಿ, ಹಗಲು ಹೊತ್ತು ಬಾಯಿ ಬಿಟ್ಟು ಎರಡು ಮಾತು ಆಡಿದ್ದನ್ನು ಕಂಡವರೂ ಕಡಿಮೆ. ಏಕೆಂದರೆ ಬಾಯಿ ತುಂಬ ಮೊಳೆ ಇರುತ್ತಿತ್ತು. ನಿಜವಾದ ಕಬ್ಬಿಣದ ಮೊಳೆ.

ಹಳೆಯ ಕುರ್ಚಿ, ಸೋಫಾಗಳ ಹೊಟ್ಟೆ ಬಗೆದು, ಸತ್ತ ಸ್ಪ್ರಿಂಗು ಕಿತ್ತು, ಹೊಸ ನಾರು ತುಂಬಿ, ಮೇಲೆ ಬಟ್ಟೆ ಬಿಗಿದು ಕೊಡುವುದು ಅವಳ ಕಸುಬು. ಅಂಗಡಿ ಕನ್ನಡಕದ ಅಂಗಡಿಗೂ ಹಳೆಯ ಮುದ್ರಣಾಲಯಕ್ಕೂ ನಡುವೆ ಸಿಕ್ಕಿಹಾಕಿಕೊಂಡಿತ್ತು. ಎಷ್ಟು ಕಿರಿದೆಂದರೆ, ಒಳಗೆ ಸೋಫಾ ಬಂದರೆ ಅವಳು ಹೊರಗೆ ಬರಬೇಕು. ಕೆಲಸಕ್ಕೆ ಕೂತಳೆಂದರೆ ಒಂದು ಚಿಟಿಕೆ ಚಿಕ್ಕ ಮೊಳೆ ಬಾಯಿಗೆ ಎಸೆದುಕೊಳ್ಳುವಳು. ನಾಲಿಗೆ ಒಂದೊಂದೇ ಮೊಳೆಯನ್ನು ಹೊರಳಿಸಿ, ಅದರ ತಲೆ ಮುಂದೆ ಮಾಡಿ ತುಟಿಗೆ ತಂದು ನಿಲ್ಲಿಸುವುದು. ಅಯಸ್ಕಾಂತದ ಮುಖವಿದ್ದ ಸುತ್ತಿಗೆ ತುಟಿ ಮುಟ್ಟಿ ಅದನ್ನು ಎತ್ತಿಕೊಳ್ಳುವುದು. ಟಕ್! ಮರಕ್ಕೆ. ಮತ್ತೆ ತುಟಿಗೆ. ಟಕ್! ಬಾಯಿಗೂ ಕುರ್ಚಿಗೂ ನಡುವೆ ಸುತ್ತಿಗೆ ಓಡಾಡುವ ವೇಗ ನೋಡಿ ಪಕ್ಕದ ಕನ್ನಡಕದವನು ತನ್ನ ಗಿರಾಕಿಗಳ ಕಣ್ಣು ಪರೀಕ್ಷೆಗೆ ಅದನ್ನೇ ಬಳಸುತ್ತಿದ್ದನಂತೆ. ಸುತ್ತಿಗೆ ಕಂಡರೆ ದೃಷ್ಟಿ ಸರಿ, ಕಾಣದಿದ್ದರೆ ಕನ್ನಡಕ.

ಗಂಡ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುವವನು. ಬೇಸಿಗೆಯಲ್ಲೂ ಕಿವಿಯವರೆಗೆ ಟೋಪಿ ಎಳೆದುಕೊಂಡು ಮನೆಗೆ ಬರುತ್ತಿದ್ದ. ಬೀದಿಯವರು ಅವನನ್ನು ಥಂಡಿರಾಯ ಎಂದೇ ಕರೆಯುತ್ತಿದ್ದರು. ಅವನು ಕೈಕುಲುಕಿದರೆ ಎರಡು ದಿನ ನೆಗಡಿ ಗ್ಯಾರಂಟಿ. ಥಂಡಿರಾಯನ ತಾಯಿ, ಅಂದರೆ ಮೊಳೆಬಾಯಿಯ ಅತ್ತೆ, ಅಂಗಡಿಯ ಪರೀಕ್ಷಾಧಿಕಾರಿ. ಸಿದ್ಧವಾದ ಯಾವ ಕುರ್ಚಿಯೂ ಆಕೆ ಕೂತು ಒಪ್ಪದೆ ಗಿರಾಕಿಯ ಮನೆ ಸೇರುವಂತಿರಲಿಲ್ಲ. ಹಿಂದೊಮ್ಮೆ ವಕೀಲರ ಕುರ್ಚಿಯಲ್ಲಿ ಕೂತು, "ಇದರೊಳಗೆ ಒಂದು ಗುಂಡಿ ಇದೆ, ಅದೂ ನಾಲ್ಕು ತೂತಿನದು" ಎಂದಿದ್ದಳು. ಬಿಚ್ಚಿ ನೋಡಿದರೆ ಗುಂಡಿ ಇತ್ತು. ತೂತು ಎರಡೇ ಇದ್ದವು, ಆದರೆ ಅಷ್ಟು ವ್ಯತ್ಯಾಸವನ್ನು ಯಾರು ಎಣಿಸುತ್ತಾರೆ?

ಊರಿನ ಅರ್ಧ ಜನ ಅವಳು ತುಂಬಿದ ಕುಶನ್ನಿನ ಮೇಲೆ ಸುಖವಾಗಿ ಕೂತಿದ್ದರು. ಅವಳಿಗೆ ಮಾತ್ರ ಒಂದು ಮಗುವನ್ನು ಕೂರಿಸಿಕೊಳ್ಳಲು ಆಗಿರಲಿಲ್ಲ.

ವರ್ಷಗಟ್ಟಲೆ ಕಾದ ಮೇಲೆ ಆಸ್ಪತ್ರೆ ಹತ್ತಿದರು. ಹೊಟ್ಟೆಗೆ ಚುಚ್ಚುಮದ್ದು, ಅಂಡಾಣು ತೆಗೆದದ್ದು, ಗಾಜಿನ ತಟ್ಟೆಯಲ್ಲಿ ಅವನದೂ ಅವಳದೂ ಸೇರಿಸಿದ್ದು ಎಲ್ಲ ಆಯಿತು. ಕೊನೆಗೆ ಉಳಿದದ್ದು ಒಂದೇ ಒಂದು ಒಳ್ಳೆಯ ಭ್ರೂಣ. ಚುಚ್ಚುಮದ್ದಿಗೆ ಅವಳ ಮೈ ಊದಿಕೊಂಡಿದ್ದರಿಂದ ಡಾಕ್ಟರಮ್ಮ ಅದನ್ನು ಆಗಲೇ ಒಳಗೆ ಬಿಡದೆ ಹೆಪ್ಪುಗಟ್ಟಿಸಿ ಇಟ್ಟರು.

ಹೆಪ್ಪುಗಟ್ಟಿಸುವುದು ಎಂದ ಕೂಡಲೇ ಥಂಡಿರಾಯನ ಕಿವಿ ನೆಟ್ಟಗಾಯಿತು. ಇಷ್ಟು ದಿನ ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತವನಿಗೆ ಈಗ ತನ್ನ ಇಲಾಖೆ ಬಂದಿತ್ತು.

"ಮೇಡಂ, ಕರೆಂಟ್ ಹೋದ್ರೆ ಜನರೇಟರ್ ಇದೆಯಾ? ಬಾಗಿಲಿನ ರಬ್ಬರು ಯಾವಾಗ ಬದಲಾಯಿಸಿದ್ದು?"

ಡಾಕ್ಟರಮ್ಮ ನಕ್ಕರು. "ಇದು ಕರೆಂಟಿನ ಮೇಲೆ ನಿಂತಿಲ್ಲಪ್ಪ. ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟಿದ್ದೀವಿ. ಮೈನಸ್ ನೂರ ತೊಂಬತ್ತಾರು ಡಿಗ್ರಿ."

ಥಂಡಿರಾಯ ಮೆಲ್ಲಗೆ ತನ್ನ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಅವನ ಕೋಲ್ಡ್ ಸ್ಟೋರೇಜು ಅದರ ಮುಂದೆ ಬಚ್ಚಲುಮನೆ. ಅಂದಿನಿಂದ ಮಗುವಿನ ಬಗ್ಗೆ ಯಾರು ಕೇಳಿದರೂ, "ನಮ್ಮದು ಮೈನಸ್ ನೂರ ತೊಂಬತ್ತಾರರಲ್ಲಿದೆ" ಎಂದು, ಮಗ ದೊಡ್ಡ ಶಾಲೆ ಸೇರಿದಷ್ಟು ಬಿಗುಮಾನದಿಂದ ಹೇಳುತ್ತಿದ್ದ.

ಇಟ್ಟದ್ದೇನೋ ಭದ್ರವಾಗಿತ್ತು. ತೊಡಕಿದ್ದದ್ದು ಬರಮಾಡಿಕೊಳ್ಳುವ ಕಡೆ. ಭ್ರೂಣವನ್ನು ಕರಗಿಸಿ ಒಳಗೆ ಬಿಡುವ ಮೊದಲು ಗರ್ಭಕೋಶದ ಒಳಪದರ ಚೆನ್ನಾಗಿ ದಪ್ಪವಾಗಬೇಕು. ಅದಕ್ಕೆ ಮುಟ್ಟು ಆದ ಮೇಲೆ ತಿಳಿನೀಲಿ ಬಣ್ಣದ ಪುಟ್ಟ ಮಾತ್ರೆಗಳು, ದಿನಕ್ಕೆ ಮೂರು ಹೊತ್ತು.

"ನುಂಗಬೇಡಿ. ನಾಲಿಗೆ ಕೆಳಗೆ ಇಟ್ಕೊಂಡು ಪೂರ್ತಿ ಕರಗಿಸಿ. ಪದರ ದಪ್ಪ ಆದ ಮೇಲೆ ಇನ್ನೊಂದು ಔಷಧಿ ಶುರು ಮಾಡ್ತೀವಿ, ಅದು ಪದರಾನ ಹದ ಮಾಡುತ್ತೆ. ಆಮೇಲೆ ಭ್ರೂಣ ಬಿಡೋದು. ಹಾಸಿಗೆ ಸರಿಯಾಗಿಲ್ಲದೆ ಮಗುನ ಮಲಗಿಸೋಕಾಗಲ್ಲ, ನೋಡಿ."

ಈ ಮಾತು ಹೇಳಿದ್ದು ಯಾರಿಗೆ? ಊರಿಗೆಲ್ಲ ಗಾದಿ ತುಂಬುವವಳಿಗೆ. ಮೊಳೆಬಾಯಿ ತಲೆಯಾಡಿಸಿದಳು. ಎಷ್ಟು ದಪ್ಪ ಬೇಕು ಹೇಳಿ, ಒಂದು ವಾರದಲ್ಲಿ ಕೊಡುತ್ತೇನೆ ಎನ್ನುವ ಗತ್ತು ಇತ್ತು ಆ ತಲೆಯಾಟದಲ್ಲಿ.

ಆದರೆ ಪದರ ಬೆಳೆಯಲಿಲ್ಲ. ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಪರದೆಯ ಮೇಲೆ ಗೆರೆ ಎಳೆದು ಅಳೆದು, ತುಟಿ ಕಚ್ಚಿಕೊಂಡು, "ತೆಳು ಇದೆ. ಈ ತಿಂಗಳು ಬೇಡ" ಎಂದರು. ಇನ್ನೊಂದು ಸಲ ಮಾಡಿದರು, ಮಾತ್ರೆ ಹೆಚ್ಚಿಸಿದರು. ಆಗಲೂ ತೆಳು. ಮೂರನೆಯ ಸಲ ಶುರು ಮಾಡುವಾಗ ಅವರು ಪೆನ್ನು ಕೆಳಗಿಟ್ಟು ಮಾತಾಡಿದರು.

"ಇರೋದು ಒಂದೇ ಭ್ರೂಣ. ತೆಳು ಪದರದ ಮೇಲೆ ಅದನ್ನ ಬಿಟ್ಟು ಕಳ್ಕೊಳ್ಳೋಕೆ ನನಗಿಷ್ಟ ಇಲ್ಲ. ಈ ಸಲವೂ ಬೆಳೀಲಿಲ್ಲ ಅಂದ್ರೆ, ನಿಮ್ಮ ಗರ್ಭಕೋಶಕ್ಕೆ ಇದು ಆಗ್ತಿಲ್ಲ ಅಂತ ಒಪ್ಕೋಬೇಕಾಗುತ್ತೆ. ಬೇರೆ ದಾರಿ ಏನಾದ್ರೂ ಇದೆಯಾ ಅಂತ ಕೂತು ಮಾತಾಡೋಣ."

ಬೇರೆ ದಾರಿ ಎಂದರೆ ಬೇರೆಯವಳ ಹೊಟ್ಟೆ, ಇಲ್ಲವೇ ದಾರಿಯೇ ಇಲ್ಲ. ಅಷ್ಟು ಮೊಳೆಬಾಯಿಗೆ ಅರ್ಥವಾಯಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಅವಳು ಸೀಟಿನ ಹರಿದ ರೆಕ್ಸಿನ್ನಿನೊಳಗೆ ಬೆರಳು ತೂರಿಸಿ ಸ್ಪಂಜಿನ ದಪ್ಪ ನೋಡುತ್ತಾ ಕೂತಿದ್ದಳು.

"ಇಂಥ ದರಿದ್ರ ಸೀಟಿಗೂ ಎರಡು ಬೆರಳು ದಪ್ಪ ಇದೆ ಕಣ್ರೀ" ಎಂದಳು.

 ಥಂಡಿರಾಯ ತನ್ನ ಟೋಪಿ ತೆಗೆದು ಅವಳ ತಲೆಗೆ ಹಾಕಿದ. ಹೊರಗೆ ಕುದಿಯುವ ಬಿಸಿಲಿತ್ತು. ಅವಳೂ ತೆಗೆಯಲಿಲ್ಲ.

ಮನೆಯವರೆಲ್ಲ ಪದರ ಬೆಳೆಸಲು ನಿಂತರು. ಅತ್ತೆ ಸೊಸೆಗೆ ಕಸಬರಿಗೆ ಮುಟ್ಟಲು ಬಿಡಲಿಲ್ಲ. ದಿನಾ ಬೆಳಿಗ್ಗೆ, "ಏನೇ, ಇವತ್ತು ಎಷ್ಟಾಗಿದೆ?" ಎಂದು, ಹಾಲು ಕಾದಿದೆಯೇ ಎಂದು ಕೇಳಿದಂತೆ ಕೇಳುವಳು. ಆಕೆಯ ದನಿ ಎಷ್ಟು ದೊಡ್ಡದೆಂದರೆ ಎದುರು ಮನೆಯವರು ಬಂದು ತಮಗೆ ಗೊತ್ತಿದ್ದ ಉತ್ತರ ಹೇಳಿಹೋಗುತ್ತಿದ್ದರು. ಥಂಡಿರಾಯ ಮಾತ್ರೆಯ ಹೊಣೆ ಹೊತ್ತ. ಬೆಳಗಿನದು, ಮಧ್ಯಾಹ್ನದ್ದು ಅಂಗಡಿಯಲ್ಲಿ ಆಗಬೇಕು, ರಾತ್ರಿಯದು ಮನೆಯಲ್ಲಿ. ಹೊತ್ತು ತಪ್ಪದೆ ಕೋಲ್ಡ್ ಸ್ಟೋರೇಜಿನಿಂದ ಫೋನು ಮಾಡುತ್ತಿದ್ದ.

"ಹಾಕ್ಕೊಂಡ್ಯಾ?"

"ಹ್ಞೂಂ."

"ನಾಲಿಗೆ ಕೆಳಗೇನೇ?"

"ಹ್ಞೂಂ."

"ಕರಗ್ತಾ ಇದೆಯಾ?"

"ಹ್ಞೂಂ ಹ್ಞೂಂ."

ಮೊಳೆ ತುಂಬಿದ ಬಾಯಿ ಬೇರೆ ಏನನ್ನು ಹೇಳೀತು? ಮದುವೆಯಾದಾಗಿನಿಂದ ಫೋನಿನಲ್ಲಿ ಅವರ ಸಂಸಾರ ನಡೆದದ್ದೇ ಹೀಗೆ. ಅವನು ಪ್ರಶ್ನೆ, ಅವಳು ಹೂಂಕಾರ. ಜಗಳವಾಗದ ಸಂಸಾರದ ಗುಟ್ಟು ಇದೇ ಎಂದು ಅವನು ಹೊಸದಾಗಿ ಮದುವೆಯಾದ ಸಹೋದ್ಯೋಗಿಗಳಿಗೆ ಬುದ್ಧಿ ಹೇಳುತ್ತಿದ್ದ.

ಸ್ಕ್ಯಾನಿಗೆ ಇನ್ನೆರಡು ದಿನ ಉಳಿದಿತ್ತು. ಸಂಜೆ ಒಬ್ಬ ನಿವೃತ್ತ ಮೇಷ್ಟ್ರ ಆರಾಮ ಕುರ್ಚಿ ಸಿದ್ಧವಾಯಿತು. ಹಸಿರು ಬಟ್ಟೆ, ಅಂಚಿಗೆ ಹಿತ್ತಾಳೆ ಮೊಳೆಯ ಸಾಲು. ಅತ್ತೆ ಬಂದು ಪರೀಕ್ಷೆಗೆ ಕೂತಳು. ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು. ಹುಬ್ಬು ಗಂಟಿಕ್ಕಿದಳು.

"ಏನೋ ಇದೆ ಕಣೇ ಒಳಗೆ."

"ನಾರು ಇದೆ ಅತ್ತೆ. ಇನ್ನೇನಿರುತ್ತೆ?"

"ನಾರಲ್ಲ. ಕಡಲೆಕಾಳಿನ ಥರ. ಇಲ್ಲಿ ಒಂದು, ಇಗೋ ಇಲ್ಲೊಂದು."

ಬೇರೆ ದಿನವಾಗಿದ್ದರೆ ಮೊಳೆಬಾಯಿ ನಕ್ಕುಬಿಡುತ್ತಿದ್ದಳು. ಅಂದು ಅವಳ ಮನಸ್ಸು ಮುಟ್ಟಿದರೆ ಮುರಿಯುವಂತಿತ್ತು.

"ಅತ್ತೆ, ನನ್ನ ಹೊಟ್ಟೆದಂತೂ ಸರಿಯಿಲ್ಲ. ಕುರ್ಚಿದಾದ್ರೂ ಸರಿ ಇದೆ ಅನ್ನಿ!"

"ಹೊಟ್ಟೆ ಮಾತು ಯಾರೆತ್ತಿದ್ರು? ಕುರ್ಚಿಲಿ ಕಾಳಿದೆ ಅಂದೆ, ಅಷ್ಟೇ. ಇದೆ ಅಂದ್ರೆ ಇದೆ."

"ಇಲ್ಲದಿದ್ರೆ?"

"ಇಲ್ಲದಿದ್ರೆ ನಾಳೆಯಿಂದ ನೆಲದ ಮೇಲೆ ಕೂರ್ತೀನಿ. ಬಿಚ್ಚು!"

ಮೊಳೆಬಾಯಿ ಸಿಟ್ಟಿನಿಂದ ಕುರ್ಚಿಯನ್ನು ಮಗುಚಿ ಹಾಕಿ, ಅಡಿಯ ಬಟ್ಟೆ ಪರ್ ಎಂದು ಕಿತ್ತು, ನಾರಿನ ಒಂದು ಪದರ ಎತ್ತಿದಳು. ಒಳಗಿನ ಗೋಣಿಬಟ್ಟೆಯ ಮೇಲೆ ತಿಳಿನೀಲಿಯ ಪುಟ್ಟ ಗುಂಡಗಿನವು, ಅಲ್ಲೊಂದು ಇಲ್ಲೊಂದು, ಎಂಜಲಿಗೆ ಅಂಟಿ ಒಣಗಿ ಕೂತಿದ್ದವು. ಒಂದರ ಅಂಚು ಸ್ವಲ್ಪ ಕರಗಿತ್ತು. ಇನ್ನೊಂದಂತೂ ಹಾಳೆಯಿಂದ ಈಗ ಒಡೆದು ತೆಗೆದಷ್ಟು ಹೊಸದು.

ಅತ್ತೆ ಬಗ್ಗಿ ನೋಡಿದಳು. "ಇದು ನಿನ್ನ ಮಾತ್ರೆ ಅಲ್ವೇನೇ?"

ಮೊಳೆಬಾಯಿ ಹೊಸ ಹಲಗೆಯೊಂದನ್ನು ಎಳೆದುಕೊಂಡಳು. ಒಂದು ಚಿಟಿಕೆ ಮೊಳೆ ಬಾಯಿಗೆ ಹಾಕಿಕೊಂಡಳು. ಮಾತ್ರೆಯ ಹಾಳೆಯಿಂದ ಒಂದನ್ನು ಒಡೆದು ನಾಲಿಗೆಯಡಿ ಇಟ್ಟಳು. ಸುತ್ತಿಗೆ ಕೈಗೆ ತೆಗೆದುಕೊಂಡು, ಹಲಗೆಯ ಮೇಲೆ ಬಗ್ಗಿ, ಎಂದಿನಂತೆ ಕೆಲಸ ಶುರು ಮಾಡಿದಳು. ತುಟಿ, ಟಕ್. ತುಟಿ, ಟಕ್. ತುಟಿ... ಸುತ್ತಿಗೆ ಬರಿದಾಗಿ ಬಂತು. ನೀಲಿ ಮಾತ್ರೆ ಹಲಗೆಯ ಮೇಲೆ ಉರುಳಿ ನಿಂತಿತು.

ಅವಳ ನಾಲಿಗೆ ಅಷ್ಟು ಕೆಲಸಗಾರ ನಾಲಿಗೆ. ಗಟ್ಟಿಯಾದ, ಪುಟ್ಟದಾದ ಯಾವುದು ಬಾಯಲ್ಲಿ ಸಿಕ್ಕರೂ ಯಜಮಾನಿಯನ್ನು ಕೇಳದೆ ತಂದು ತುಟಿಗೆ ನಿಲ್ಲಿಸುತ್ತಿತ್ತು. ಮಾತ್ರೆಯನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಆ ವೇಗದಲ್ಲಿ ಅವಳ ಕಣ್ಣಿಗೂ ಕಾಣದೆ ಅದು ಕುರ್ಚಿಯ ಹೊಟ್ಟೆಗೆ ಬೀಳುತ್ತಿತ್ತು. ಮೇಲೆ ನಾರು, ನಾರಿನ ಮೇಲೆ ಬಟ್ಟೆ. ಮೇಷ್ಟ್ರ ಕುರ್ಚಿಯ ನಾರು ತೆಳುವಾಗಿದ್ದರಿಂದಲೇ ಅತ್ತೆಯ ಪರೀಕ್ಷೆಗೆ ಈ ಸಲ ಸಿಕ್ಕಿದ್ದು. ಬಾಯಿ ಖಾಲಿಯಾದಾಗ ಅವಳು ಮಾತ್ರೆ ಕರಗಿತು ಎಂದುಕೊಳ್ಳುತ್ತಿದ್ದಳು. ಮೈಗೆ ಸೇರುತ್ತಿದ್ದದ್ದು ರಾತ್ರಿಯದೊಂದೇ. ಹೀಗೆ ಮೂರು ಸಲದ ಚಿಕಿತ್ಸೆಯನ್ನು ಅವಳು ಊರಿನ ಸೋಫಾಗಳಿಗೆ ಮಾಡಿದ್ದಳು. ವಕೀಲರ ಇನ್ನೊಂದು ಕುರ್ಚಿ, ಬ್ಯಾಂಕಿನ ಮ್ಯಾನೇಜರನ ಕುರ್ಚಿ, ಫೋಟೋ ಸ್ಟುಡಿಯೋದ ಉದ್ದನೆಯ ಸೋಫಾ ಎಲ್ಲವೂ ಸರಿಯಾದ ದಪ್ಪಕ್ಕೆ ಬಂದು, ಇನ್ನೇನು ಭ್ರೂಣ ಬಿಟ್ಟರೆ ಸಾಕು ಎನ್ನುವ ಹಾಗೆ ತುಂಬಿಕೊಂಡು ಕೂತಿದ್ದವು. ಸ್ಟುಡಿಯೋದ ಸೋಫಾಕ್ಕಂತೂ ಅವಳಿ ಆಗುವ ಸಂಭವವಿತ್ತು.

ಮೊಳೆಬಾಯಿ ಮೊಳೆಗಳನ್ನು ಅಂಗೈಗೆ ಉಗುಳಿದಳು. ನಕ್ಕಳು. ನಗುತ್ತಾ ನಗುತ್ತಾ ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಎರಡು ಸಲ ಕೈತಪ್ಪಿದ ಸಂಕಟವೂ ಅದರಲ್ಲಿತ್ತು. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಇಷ್ಟು ತಿಂಗಳಿಂದ ಕಟಕಟೆಯಲ್ಲಿ ನಿಂತಿದ್ದ ಅವಳ ಹೊಟ್ಟೆ ಯಾವ ತಪ್ಪನ್ನೂ ಮಾಡಿರಲಿಲ್ಲ.

ಅತ್ತೆ ಸೆರಗಿನಿಂದ ಅವಳ ಮೂಗು ಒರೆಸಿದಳು. "ನಾನು ಮೊದಲೇ ಹೇಳಿದ್ನಲ್ಲ, ನೀನು ಸರಿಯಾಗೇ ಇದೀಯ, ಕುರ್ಚಿದೇ ತಪ್ಪು ಅಂತ."

ಆಕೆ ಹಾಗೆ ಎಂದೂ ಹೇಳಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಯಾರು ಎದುರಾಡುತ್ತಾರೆ?

ಮರುದಿನ ಮೂವರೂ ಆಸ್ಪತ್ರೆಗೆ ಓಡಿದರು. ಅತ್ತೆ ಸಾಕ್ಷಿಗೆಂದು ಗೋಣಿಬಟ್ಟೆಯನ್ನೇ ಮಡಚಿ ತಂದಿದ್ದಳು. ಡಾಕ್ಟರಮ್ಮ ಅದನ್ನು ಬಿಡಿಸಿ ನೋಡಿದರು, ಮೊಳೆಬಾಯಿಯ ಕಥೆ ಕೇಳಿದರು, ಮುಖ ಗಂಭೀರ ಮಾಡಿಕೊಳ್ಳಲು ಬಹಳ ಕಷ್ಟಪಟ್ಟರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಾನೂ ಒಂದು ಸಲ ಕೇಳಬೇಕಿತ್ತು, ಹೇಗೆ ತಗೊಳ್ತಿದ್ದೀರಿ ಅಂತ. ಪ್ರಮಾಣ ಹೆಚ್ಚಿಸ್ತಾ ಹೋದೆ, ಬಾಯಿ ನೋಡಲಿಲ್ಲ."

"ನಾನು ದಿನಾ ಕೇಳ್ತಿದ್ದೆ ಮೇಡಂ" ಎಂದ ಥಂಡಿರಾಯ.

"ಏನಂತಿದ್ರು?"

"ಹ್ಞೂಂ ಅಂತಿದ್ಲು."

ಡಾಕ್ಟರಮ್ಮ ಆಗಷ್ಟೇ ಹಾಕಿಕೊಂಡ ಕನ್ನಡಕವನ್ನು ಮತ್ತೆ ತೆಗೆದರು.

ಇನ್ನು ಬಾಯಿಯ ತಂಟೆಯೇ ಬೇಡ ಎಂದು ಚರ್ಮಕ್ಕೆ ಅಂಟಿಸುವ ಔಷಧಿಯ ಪಟ್ಟಿ ಕೊಟ್ಟರು. ಅದರ ಮೇಲಿನ ಔಷಧಿ ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತದಂತೆ. ಈ ಸಲದ್ದನ್ನು ಈಗಲೇ ಕೈಬಿಡುವುದು ಬೇಡ, ಸ್ಕ್ಯಾನ್ ಸ್ವಲ್ಪ ಮುಂದಕ್ಕೆ ಹಾಕೋಣ, ಪದರಕ್ಕೆ ಇನ್ನಷ್ಟು ಸಮಯ ಕೊಡೋಣ ಎಂದರು. "ಮತ್ತೆ ಆ ಮೊಳೆ ಬಾಯಿಗೆ ಹಾಕೋದು ಬಿಡಿ. ಒಂದು ದಿನ ನುಂಗಿಬಿಟ್ರೆ ನನ್ನ ಹತ್ರ ಬರಬೇಡಿ, ಗುಜರಿಯವನ ಹತ್ರ ಹೋಗಿ."

ಅಂಟಿಸುವ ಕೆಲಸ ಮೊಳೆಬಾಯಿಯ ಕೈಗೆ ಬಂದರೆ ಕೇಳಬೇಕೆ? ಕಿಬ್ಬೊಟ್ಟೆಯ ಮೇಲೆ ಆ ಪಟ್ಟಿಯನ್ನು ಒಂದು ಸುಕ್ಕಿಲ್ಲದೆ, ಗಾಳಿಗುಳ್ಳೆಯಿಲ್ಲದೆ ಕೂರಿಸಿದಳು. ಥಂಡಿರಾಯ ತಣ್ಣನೆಯ ಬೆರಳಿನಿಂದ ಅಂಚು ಎದ್ದಿದೆಯೇ ಎಂದು ಮುಟ್ಟಿ ನೋಡಿದಾಗಲೆಲ್ಲ ಅವಳು ಕಿರುಚುತ್ತಿದ್ದಳು.

ಅಂಗಡಿಯಲ್ಲಿ ಮೊಳೆಗಳು ಬಾಯಿಂದ ಸ್ಟೀಲಿನ ಬಟ್ಟಲಿಗೆ ಬಂದವು. ಆಗ ಶುರುವಾಯಿತು ನೋಡಿ ಮಾತು! ಇಷ್ಟು ವರ್ಷ ಮೊಳೆಯ ಹಿಂದೆ ಸಾಲು ನಿಂತಿದ್ದ ಮಾತುಗಳೆಲ್ಲ ಒಟ್ಟಿಗೇ ಹೊರಟವು. ಮದುವೆಯ ದಿನ ಥಂಡಿರಾಯನ ಚಿಕ್ಕಪ್ಪ ಹೇಳಿದ್ದ ಕೊಂಕು ಮಾತಿಗೆ ಅವಳು ಈಗ ಉತ್ತರ ಕೊಟ್ಟಳು. ಚಿಕ್ಕಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಫೋನು ಮಾಡಿದ ಥಂಡಿರಾಯನಿಗೆ ಈಗ "ಹ್ಞೂಂ" ಎನ್ನುವ ಸರದಿ. ಹೊಸದಾಗಿ ಮದುವೆಯಾದ ಸಹೋದ್ಯೋಗಿಗಳಿಗೆ ಬುದ್ಧಿ ಹೇಳುವುದನ್ನು ಅವನು ನಿಲ್ಲಿಸಿದ.

ಸ್ಕ್ಯಾನಿನ ದಿನ ಡಾಕ್ಟರಮ್ಮ ಪರದೆಯನ್ನು ಅವಳ ಕಡೆ ತಿರುಗಿಸಿದರು. "ಕಾಣ್ತಾ? ಮೂರು ಗೆರೆ. ಪದರ ಹೀಗೆ ಮೂರು ಗೆರೆಯಾಗಿ ಕಂಡ್ರೆ ಚೆನ್ನಾಗಿ ಬೆಳೆದಿದೆ ಅಂತ. ದಪ್ಪವೂ ಸಾಕಷ್ಟಿದೆ."

ಮೊಳೆಬಾಯಿ ಕತ್ತು ಚಾಚಿ, ಗಿರಾಕಿಯ ಮುಂದೆ ಇನ್ನೊಬ್ಬ ಕಸುಬುದಾರನ ಕೆಲಸ ನೋಡುವಂತೆ, ಬಹಳ ಹೊತ್ತು ನೋಡಿದಳು. "ಅಂಚು ನೀಟಾಗಿ ಬಂದಿದೆ" ಎಂದಳು. 

ಹದ ಮಾಡುವ ಔಷಧಿ ಶುರುವಾಯಿತು. ಅದನ್ನು ಇಡಬೇಕಾದದ್ದು ಕೆಳಗಿನಿಂದ. ನಾಲಿಗೆ ಅಲ್ಲಿಯವರೆಗೆ ಬರುವ ಭಯವಿರಲಿಲ್ಲ. ಭ್ರೂಣ ಬಿಡುವ ದಿನ, ಸ್ಕ್ಯಾನಿನಲ್ಲಿ ಗರ್ಭಕೋಶ ಸರಿಯಾಗಿ ಕಾಣಲು ನೀರು ಕುಡಿದು ಬನ್ನಿ ಎಂದಿದ್ದರು. ಎಷ್ಟು ಎಂದು ಅವರು ಹೇಳಿದ್ದರೂ ಅತ್ತೆ ತನ್ನ ಲೆಕ್ಕದಲ್ಲಿ ಕುಡಿಸಿದಳು. ಅಂದು ಬೀದಿಯ ನಲ್ಲಿಯಲ್ಲಿ ನೀರು ಸಣ್ಣಗೆ ಬಂತು ಎಂದು ಎದುರು ಮನೆಯವರು ಇಂದಿಗೂ ಹೇಳುತ್ತಾರೆ. ಆಸ್ಪತ್ರೆಯ ಮೆಟ್ಟಿಲನ್ನು ಮೊಳೆಬಾಯಿ ತುಂಬಿದ ಕೊಡ ಹೊತ್ತವಳಂತೆ ಹತ್ತಿದಳು.

"ಕರಗಿತಾ ಮೇಡಂ? ಸರಿಯಾಗಿ ಕರಗಿತಾ?" ಥಂಡಿರಾಯ ಕೇಳಿದ. ಅವನ ತಲೆಯ ಮೇಲೆ ತನ್ನ ಟೋಪಿ, ಅದರ ಮೇಲೆ ಆಸ್ಪತ್ರೆಯವರು ಕೊಟ್ಟ ಹಸಿರು ಟೋಪಿ.

"ಕರಗಿ, ಆರಾಮಾಗಿದೆ. ನಿಮ್ಮ ಹೆಂಡತಿಯ ಮಾತ್ರೆಗಿಂತ ಎಷ್ಟೋ ವಾಸಿ."

ಮೊಳೆಬಾಯಿ ನಗಲು ಹೋಗಿ, ತುಂಬಿದ ಮೂತ್ರಕೋಶದ ನೆನಪಾಗಿ ನಗು ನುಂಗಿದಳು. ಸಣ್ಣ ಕೊಳವೆ ಒಳಗೆ ಹೋಯಿತು. ಪರದೆಯ ಬೂದು ಬಣ್ಣದೊಳಗೆ, ಮೂರು ತಿಂಗಳು ಕಾದ ಆ ಪದರದ ನಡುವೆ, ಒಂದು ಬಿಳಿ ಚುಕ್ಕಿ ಮಿನುಗಿ ನಿಂತಿತು. ಮೊಳೆಯ ತಲೆಯಷ್ಟೂ ಇರಲಿಲ್ಲ.  ಆಗ ಮೊದಲ ಬಾರಿಗೆ ಥಂಡಿರಾಯನ ಕೈ ಅವಳ ಕೈಯೊಳಗೆ ಬೆವರಿತ್ತು.

ಆಮೇಲೆ ಕಾಯುವ ದಿನಗಳು. ಮೊಳೆಬಾಯಿ ಮಾತಾಡಿದಳು, ಮಾತಾಡಿದಳು, ಕನ್ನಡಕದವನು ಕಿವಿಗೆ ಹತ್ತಿ ತುರುಕಿಕೊಳ್ಳುವವರೆಗೆ ಮಾತಾಡಿದಳು. ಪರೀಕ್ಷೆಗೆ ರಕ್ತ ಕೊಟ್ಟು ಬಂದ ದಿನ ಮಾತ್ರ ಅವಳ ಮಾತು ನಿಂತುಹೋಯಿತು. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, ಬಟ್ಟಲನ್ನು ನೋಡಿದಳು, ಫೋನನ್ನು ನೋಡಿದಳು, ಮತ್ತೆ ಬಟ್ಟಲನ್ನು ನೋಡಿದಳು. ಅತ್ತೆ ಅತ್ತ ತಿರುಗಿದ್ದೇ ತಡ, ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡಳು. ಹಳೆಯ ರುಚಿ. ಎದೆ ಸ್ವಲ್ಪ ಸಮಾಧಾನವಾಯಿತು.

ಆಗಲೇ ಫೋನು ಬಂತು.

"ಆಸ್ಪತ್ರೆಯಿಂದ ಮಾತಾಡ್ತಿರೋದು" ಎಂದಳು ನರ್ಸಮ್ಮ. "ನಿಮ್ಮ ರಿಪೋರ್ಟ್ ಬಂದಿದೆ. ಕೇಳಿಸ್ತಿದೆಯಾ?"

"ಹ್ಞೂಂ."

"ಪಾಸಿಟಿವ್ ಅಮ್ಮ. ಅಂಟಿಕೊಂಡಿದೆ. ಔಷಧಿ ಯಾವುದನ್ನೂ ನಿಲ್ಲಿಸಬೇಡಿ, ನಾಡಿದ್ದು ಮತ್ತೆ ರಕ್ತ ಕೊಡಿ, ಏರ್ತಾ ಇದೆಯಾ ಅಂತ ನೋಡ್ಬೇಕು. ಗೊತ್ತಾಯ್ತಾ?"

ಈ ಸಲ ಹ್ಞೂಂ ಬರಲಿಲ್ಲ. ತುಟಿ ತಾನಾಗಿ ತೆರೆದುಕೊಂಡಿತು. ಮೊಳೆಗಳು ಒಂದೊಂದಾಗಿ ಸ್ಟೀಲಿನ ಬಟ್ಟಲಿಗೆ ಬೀಳತೊಡಗಿದವು. ಠಣ್. ಠಣ್. ಠಣ್.

"ಹಲೋ? ಅಮ್ಮ? ಏನದು ಸದ್ದು?"

ಅತ್ತೆ ಬಂದು ಸೊಸೆಯ ಮುಖ ನೋಡಿದಳು, ಬಟ್ಟಲು ನೋಡಿದಳು. ಬಯ್ಯಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು, ಅವಳ ಕೈಯಿಂದ ಫೋನು ತೆಗೆದುಕೊಂಡಳು.

"ನಮ್ಮ ಸೊಸೆ ಮಾತಾಡ್ತಿದ್ದಾಳಮ್ಮ" ಎಂದಳು. "ಸ್ವಲ್ಪ ತಡ್ಕೊಳ್ಳಿ, ಇನ್ನೂ ನಾಲ್ಕೈದು ಉಳಿದಿವೆ."